ಇಪ್ಪತ್ತು ನಿಮಿಷದ ದಾಂಪತ್ಯ

ಸರ್ಕಾರಿ ದಾಖಲೆಯ ಪ್ರಕಾರ ಟೈಮಪ್ಪನಿಗೆ ಮದುವೆಯಾಗಿ ಹನ್ನೊಂದು ವರ್ಷ. ಅವನ ಸ್ವಂತ ಲೆಕ್ಕದ ಪ್ರಕಾರ ಐವತ್ತೈದು ದಿನ, ಹದಿನೆಂಟು ಗಂಟೆ, ಚಿಲ್ಲರೆ ನಿಮಿಷ. ಎರಡರಲ್ಲಿ ಯಾವುದು ಸರಿ ಎಂದು ನಾವು ಅವನೊಡನೆ ವಾದಕ್ಕೆ ಇಳಿಯುವುದು ಬೇಡ. ಅವನು ಬಸ್ ಡಿಪೋದ ಟೈಂ ಕೀಪರು. ಹೊರಡುವ ಬಸ್ಸಿಗೂ ಬರುವ ಬಸ್ಸಿಗೂ ಸಮಯ ಬರೆಯುವವನು. ಊರಿನವರಿಗೆ ಅವನ ನಿಜವಾದ ಹೆಸರು ಮರೆತೇಹೋಗಿ ಟೈಮಪ್ಪ ಎಂಬುದೇ ನಿಂತುಬಿಟ್ಟಿತ್ತು.

ಅವನು ಹೆಂಡತಿಯನ್ನು ದಿನಕ್ಕೆ ಇಪ್ಪತ್ತು ನಿಮಿಷ ನೋಡುತ್ತಿದ್ದ. ಅವಳದು ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ನಸುಕಿನ ಐದಕ್ಕೆ ಒಲೆಯ ಮುಂದೆ ನಿಂತರೆ ಮಧ್ಯಾಹ್ನ ಒಂದಕ್ಕೆ ಬಿಡುಗಡೆ. ಬೀದಿಯಲ್ಲಿ ಅವಳಿಗೆ ಬ್ರೆಡ್ಡಮ್ಮ ಎಂದೇ ಹೆಸರು. ಅವನದು ಮಧ್ಯಾಹ್ನದ ಪಾಳಿ. ಎರಡಕ್ಕೆ ಕೂತರೆ ರಾತ್ರಿ ಹತ್ತಕ್ಕೆ ಏಳುವುದು. ಅವಳು ಒಂದು ಇಪ್ಪತ್ತಕ್ಕೆ ಹೊಸ್ತಿಲು ದಾಟಿ ಒಳಗೆ ಬಂದರೆ ಅವನು ಒಂದು ನಲವತ್ತಕ್ಕೆ ಅದೇ ಹೊಸ್ತಿಲು ದಾಟಿ ಹೊರಗೆ. ನಡುವಿನ ಆ ಇಪ್ಪತ್ತು ನಿಮಿಷದಲ್ಲಿ ಗ್ಯಾಸ್ ಸಿಲಿಂಡರು, ನಲ್ಲಿ ನೀರು, ಅತ್ತೆಯ ಮಂಡಿನೋವು ಇಷ್ಟೂ ಮುಗಿಯಬೇಕು. ಪ್ರೀತಿ ವಿಶ್ವಾಸ ಎಂಬ ಬಾಬ್ತು ಬರುವ ಹೊತ್ತಿಗೆ ಅವನು ಚಪ್ಪಲಿ ಮೆಟ್ಟಿರುತ್ತಿದ್ದ. ಅವಳ ವಾರದ ರಜೆ ಭಾನುವಾರ. ಅಂದು ತಾಯಿಯ ಮನೆಗೆ ಓಡಬೇಕು. ಅವನ ರಜೆ ಬುಧವಾರ. ಅಂದು ಡಿಪೋದವರು ಅವನನ್ನು ಕರೆಸದೆ ಬಿಟ್ಟದ್ದಿಲ್ಲ. ಉಳಿದಂತೆ ಅವನು ನೋಡುತ್ತಿದ್ದುದು ನಿದ್ದೆ ಹೋದ ಹೆಂಡತಿಯನ್ನು, ಅವಳು ನೋಡುತ್ತಿದ್ದುದು ನಿದ್ದೆ ಹೋದ ಗಂಡನನ್ನು.

"ನಿಮ್ಮ ಮಗಳಿಗೆ ಇನ್ನೂ ಮಕ್ಕಳಾಗಲಿಲ್ವಾ?" ಎಂದು ಯಾರಾದರೂ ಕೇಳಿದರೆ ಬ್ರೆಡ್ಡಮ್ಮನ ತಾಯಿ, "ಮೊದಲು ಅವರಿಬ್ಬರ ಭೇಟಿ ಆಗಲಿ" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ದಿನ ಬ್ರೆಡ್ ಕಾರ್ಖಾನೆಯ ದೊಡ್ಡ ಒಲೆ ಬಿರುಕು ಬಿಟ್ಟಿತು. ರಿಪೇರಿಗೆ ಒಂದು ವಾರ ಬೇಕು, ಅಷ್ಟೂ ದಿನ ರಜೆ ಎಂದು ಮಾಲೀಕರು ತಲೆಯ ಮೇಲೆ ಕೈಹೊತ್ತು ಹೇಳಿದರು. ಆ ಸುದ್ದಿ ಕೇಳಿ ಟೈಮಪ್ಪನಿಗಾದ ಸಂತೋಷ ಆ ಮಾಲೀಕರಿಗೆ ಗೊತ್ತಾಗದಿದ್ದದ್ದೇ ಒಳ್ಳೆಯದಾಯಿತು. ಅವನು ಅಂದೇ ಒಂದು ವಾರದ ರಜೆ ಹಾಕಿ, ಡಿಪೋದ ಅಷ್ಟೂ ಜನರ ಮುಂದೆ ಎದೆಯುಬ್ಬಿಸಿ ನಿಂತ.

"ನಾವು ಸಮುದ್ರಕ್ಕೆ ಹೋಗ್ತಿದ್ದೀವಿ. ಒಂದು ವಾರ. ಕಿಟಕಿ ತೆಗೆದ್ರೆ ಅಲೆ ಕಾಣೋ ಲಾಡ್ಜು. ಅಲ್ಲಿ ವರ್ಷವಿಡೀ ಬಿಸಿಲಂತೆ."

"ನಾವು ಅಂದ್ರೆ ಯಾರು?" ಎಂದು ಮೆಕ್ಯಾನಿಕ್ ಕೇಳಿದ.

"ನಾನು, ನನ್ನ ಹೆಂಡತಿ."

"ಇಬ್ರೂ ಒಂದೇ ಬಸ್ಸಲ್ಲಾ?" ಎಂದ ಮೆಕ್ಯಾನಿಕ್. ಅವನ ಆಶ್ಚರ್ಯದಲ್ಲಿ ಕುಚೋದ್ಯವೇನೂ ಇರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದ.

ಬೇರೆ ಗಂಡಂದಿರಾದರೆ ಇಷ್ಟಕ್ಕೆ ಬಟ್ಟೆ ತುಂಬಿಕೊಂಡು ಹೊರಡುತ್ತಿದ್ದರು. ಟೈಮಪ್ಪ ಹಾಗೆ ಹೊರಡುವ ಆಸಾಮಿಯಲ್ಲ. ಒಂದು ವಾರ ಎಂದರೆ ಹತ್ತು ಸಾವಿರದ ಎಂಬತ್ತು ನಿಮಿಷ. ಇಪ್ಪತ್ತನ್ನೇ ಜತನ ಮಾಡಿದವನಿಗೆ ಅಷ್ಟು ದೊಡ್ಡ ಆಸ್ತಿಯನ್ನು ಕೈಬಿಟ್ಟು ಖರ್ಚು ಮಾಡಲು ಹೇಗೆ ಮನಸ್ಸು ಬಂದೀತು? ಅವನು ಡಿಪೋದ ಹಾಳೆಯೊಂದರ ಮೇಲೆ ಗೆರೆ ಎಳೆದು ಏಳು ದಿನದ ವೇಳಾಪಟ್ಟಿ ಸಿದ್ಧಪಡಿಸಿದ. ಮೊದಲ ದಿನ ಸಂಜೆ ಐದರಿಂದ ಐದು ಮೂವತ್ತು: ಸಮುದ್ರ ನೋಡುವುದು. ಐದು ಮೂವತ್ತರಿಂದ ಆರು: ಒಟ್ಟಿಗೆ ಚಹಾ, ಅವಳಿಗೆ ಸಕ್ಕರೆ ಎಷ್ಟು, ಗಮನಿಸುವುದು. ಎರಡನೇ ದಿನ: ಅವಳ ಇಷ್ಟದ ಬಣ್ಣ ಕೇಳಿ ತಿಳಿಯುವುದು. ಮೂರನೇ ದಿನ: ಅವಳು ಹಾಡುತ್ತಾಳೆಯೇ? ನಾಲ್ಕನೇ ದಿನ: ಕೈ ಹಿಡಿಯುವುದು, ಸಮಯ ನೋಡಿಕೊಂಡು. ಏಳನೇ ದಿನದ ಮುಂದೆ ಏನನ್ನೋ ಬರೆದು, ನಾಚಿ, ಹೊಡೆದುಹಾಕಿದ್ದ.

ಈ ಹಾಳೆಯೇ ಅವನ ಪಾಲಿಗೆ ಶನಿಯಾಯಿತು.

ಸಮುದ್ರದ ಊರಿನಲ್ಲಿ ಹೇಳಿದಷ್ಟೇ ಬಿಸಿಲಿತ್ತು. ಬಿಳಿ ಗೋಡೆಗಳು, ನೀಲಿ ಬಾಗಿಲುಗಳು, ಬೀದಿಯ ತುದಿಗೆ ಹೊಳೆಯುವ ನೀರು. ಲಾಡ್ಜಿನ ಮ್ಯಾನೇಜರು ಕಚ್ಚೆಗಟ್ಟಿದ ಶಿಸ್ತಿನ ಮನುಷ್ಯ. ತನ್ನ ಲಾಡ್ಜಿನಲ್ಲಿ ಅನೈತಿಕವಾದದ್ದೇನೂ ನಡೆಯಬಾರದು ಎಂಬುದು ಅವನ ಜೀವನದ ಗುರಿ; ನಡೆದೇ ನಡೆಯುತ್ತದೆ ಎಂಬುದು ಅವನ ನಂಬಿಕೆ.

"ಇವರು ನಿಮಗೆ ಏನಾಗ್ಬೇಕು?" ಎಂದ, ರಿಜಿಸ್ಟರು ತೆರೆದು.

"ಹೆಂಡತಿ. ಮದುವೆಯಾಗಿ ಹನ್ನೊಂದು ವರ್ಷ" ಎಂದು ಟೈಮಪ್ಪ ಕೆಂಪಾದ. ಇಷ್ಟು ಹೊತ್ತು ಪಕ್ಕದಲ್ಲೇ ಕೂತು ಬಂದ ಹೆಂಗಸನ್ನು ಹಾಗೆ ಕರೆಯಲು ಅವನಿಗೆ ಏನೋ ಸಲಿಗೆ ಸಾಲದಂತೆ ಕಂಡಿತು. ಬ್ರೆಡ್ಡಮ್ಮನೂ ಕೆಂಪಾಗಿ ನೆಲ ನೋಡಿದಳು. ಮ್ಯಾನೇಜರು ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದ. ಹನ್ನೊಂದು ವರ್ಷದ ದಂಪತಿಗಳು ಕೆಂಪಾದದ್ದನ್ನು ಅವನು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಆಮೇಲೆ ಚಹಾ ಬಂತು. "ನೀವು ಸಕ್ಕರೆ ಎಷ್ಟು ಹಾಕ್ಕೋತೀರಾ?" ಎಂದು ಟೈಮಪ್ಪ ವಿನಯದಿಂದ ಕೇಳಿದ.

"ಎರಡು. ನೀವು?"

"ನಾನು ಒಂದೂವರೆ."

"ಓ, ಹೌದಾ?" ಎಂದು ಅವಳು ಖುಷಿಪಟ್ಟಳು. ಮ್ಯಾನೇಜರ ಕಿವಿ ನೆಟ್ಟಗಾಯಿತು. ಅಂದು ಸಂಜೆ ಅರ್ಧ ಗಂಟೆ ಸಮುದ್ರ ನೋಡುವ ಕಾರ್ಯಕ್ರಮವೇನೋ ನಡೆಯಿತು. ಆದರೆ ಟೈಮಪ್ಪ ಸಮುದ್ರವನ್ನು ನೋಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಹೆಂಡತಿಯ ಮುಖ ನೋಡುತ್ತಿದ್ದ. ತೆರೆದ ಕಣ್ಣಿನ ಆ ಮುಖ ಅವನಿಗೆ ಅಷ್ಟು ಹೊತ್ತು ಎಂದೂ ಸಿಕ್ಕಿರಲಿಲ್ಲ. ಇನ್ನೂ ಆರು ದಿನವಿದೆ ಎಂಬ ಧೈರ್ಯದಲ್ಲಿ, ಬಸ್ಸಿನ ದಣಿವಿಗೆ ಅಂದು ರಾತ್ರಿ ಇಬ್ಬರೂ ಬೇಗನೆ ನಿದ್ದೆ ಹೋದರು.

ಮಾರನೆಯ ಬೆಳಿಗ್ಗೆ ಕೋಣೆ ಗುಡಿಸುವಾಕೆ ನೆಲದ ಮೇಲೆ ಬಿದ್ದಿದ್ದ ಹಾಳೆಯೊಂದನ್ನು ತಂದು ಮ್ಯಾನೇಜರ ಮೇಜಿನ ಮೇಲಿಟ್ಟಳು. ಮ್ಯಾನೇಜರು ಓದಿದ. ನೀರು ಕುಡಿದ. ಮತ್ತೆ ಓದಿದ. ಬಳಿಕ ತುರ್ತು ಸಂಪರ್ಕಕ್ಕೆಂದು ರಿಜಿಸ್ಟರಿನಲ್ಲಿ ಬರೆದಿದ್ದ ನಂಬರಿಗೆ ಫೋನು ಮಾಡಿದ. ಅದು ಟೈಮಪ್ಪನ ಎದುರುಮನೆ ಅಜ್ಜಿಯದು. ಇಡೀ ದಿನ ಕಿಟಕಿಯಲ್ಲೇ ಕೂರುವ ಆ ಅಜ್ಜಿಗೆ ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸ.

"ಆ ಮನೇಲಿ ಒಬ್ಬ ಹೆಂಗಸು ಇದ್ದಾಳೆ, ನಿಜ" ಎಂದಳು ಅಜ್ಜಿ. "ಒಬ್ಬ ಗಂಡಸೂ ಇದ್ದಾನೆ. ಆದ್ರೆ ಒಬ್ಬರು ಹೋದ ಮೇಲೆ ಇನ್ನೊಬ್ಬರು. ಇಬ್ರನ್ನೂ ಜೊತೇಲಿ ನಾನು ನೋಡಿಲ್ಲಪ್ಪ. ಸುಳ್ಳು ಯಾಕೆ ಹೇಳ್ಲಿ?"

ಮ್ಯಾನೇಜರಿಗೆ ಇಷ್ಟು ಸಾಕಾಗಿತ್ತು. ಟೈಮಪ್ಪನನ್ನು ಕೆಳಗೆ ಕರೆಸಿ ಹಾಳೆಯನ್ನು ಮುಖಕ್ಕೆ ಹಿಡಿದ.

"ಏನ್ರೀ ಇದು? ಇಷ್ಟದ ಬಣ್ಣ ಕೇಳಿ ತಿಳಿಯುವುದು! ಹನ್ನೊಂದು ವರ್ಷ ಸಂಸಾರ ಮಾಡಿದವರು ನಾಲ್ಕನೇ ದಿನ ಕೈ ಹಿಡೀತಾರೇನ್ರೀ?"

"ಅದು ಅಂದಾಜಿಗೆ ಬರೆದದ್ದು ಸಾರ್. ಹೊಂದಿಕೊಂಡ್ರೆ ಮೂರನೇ ದಿನಾನೇ..."

"ಮುಚ್ರೀ ಬಾಯಿ! ಇದು ಮರ್ಯಾದಸ್ಥರ ಲಾಡ್ಜು. ರುಜುವಾತು ಸಿಗೋವರೆಗೂ ಆಕೆ ಕೆಳಗಿನ ಕೋಣೇಲಿ, ನೀವು ಮೇಲೆ."

ಟೈಮಪ್ಪ ಗುರುತಿನ ಚೀಟಿಗಳನ್ನು ತೋರಿಸಿದ. ಒಂದರಲ್ಲಿ ಡಿಪೋ ಎಂದಿತ್ತು, ಇನ್ನೊಂದರಲ್ಲಿ ಬ್ರೆಡ್ ಕಾರ್ಖಾನೆ. ಅವೆರಡಕ್ಕೂ ಮದುವೆಯಾಗಿದೆ ಎಂದು ಎರಡರಲ್ಲೂ ಬರೆದಿರಲಿಲ್ಲ. ಎರಡನೇ ದಿನದ ಸಂಜೆ ಅವನು ಮೇಲಿನ ಕಿಟಕಿಯಲ್ಲಿ ನಿಂತಿದ್ದ, ಅವಳು ಕೆಳಗಿನ ಜಗಲಿಯಲ್ಲಿ. ಎದುರಿಗೆ ಇಡೀ ಸಮುದ್ರ ಬಂಗಾರದ ಬಣ್ಣಕ್ಕೆ ತಿರುಗಿ ಯಾರಾದರೂ ನೋಡಲಿ ಎಂದು ಬಿದ್ದಿತ್ತು. ಅವನು ಅವಳ ಬೈತಲೆ ನೋಡುತ್ತಿದ್ದ. ಅವಳು ಕತ್ತೆತ್ತಿ ನೋಡಿ ನೋಡಿ ಕತ್ತು ನೋಯಿಸಿಕೊಂಡಳು. ಊರಲ್ಲಾದರೂ ಇಪ್ಪತ್ತು ನಿಮಿಷ ಸಿಗುತ್ತಿತ್ತಲ್ಲ ಎಂದು ಅವನು ಲೆಕ್ಕ ಹಾಕಿದ.

ಮೂರನೇ ದಿನ ಮ್ಯಾನೇಜರ ದೂರಿನ ಮೇಲೆ ಠಾಣೆಯಿಂದ ಒಬ್ಬ ಪೊಲೀಸಮ್ಮ ಬಂದಳು. ಬಿಸಿಲಲ್ಲಿ ನಡೆದು ಬಂದ ಸಿಟ್ಟು ಮುಖದಲ್ಲಿತ್ತು. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ವಿಚಾರಣೆಗೆ ಇಳಿದಳು, ಮೊದಲು ಟೈಮಪ್ಪ.

"ನಿಮ್ಮ ಹೆಂಡತಿಗೆ ಇಷ್ಟದ ಬಣ್ಣ?"

"ಅದು ನಿನ್ನೆಯ ಬಾಬ್ತು ಮೇಡಂ. ಗಲಾಟೇಲಿ ಕೇಳೋಕಾಗ್ಲಿಲ್ಲ."

"ಅವರು ಹಾಡ್ತಾರಾ?"

"ಅದು ಇವತ್ತಿನದು."

ಪೊಲೀಸಮ್ಮ ಪೆನ್ನು ಕೆಳಗಿಟ್ಟಳು. "ಮತ್ತೇನ್ರೀ ಗೊತ್ತು ನಿಮಗೆ ನಿಮ್ಮ ಹೆಂಡತಿ ವಿಚಾರ?"

ಟೈಮಪ್ಪ ಯೋಚಿಸಿದ. "ಮಲಗಿದಾಗ ಎಲ್ಲಾ ಗೊತ್ತು ಮೇಡಂ. ಬಲಗೈ ಕೆನ್ನೆ ಕೆಳಗೆ ಇಟ್ಕೋತಾಳೆ. ಹತ್ತೂ ಮುಕ್ಕಾಲಿಗೆ ಒಂದ್ಸಲ ನಿದ್ದೇಲೇ 'ತಟ್ಟೆ ಬಿಸಿ ಇದೆ, ಮುಟ್ಬೇಡಿ' ಅಂತಾಳೆ. ಕಾರ್ಖಾನೆ ಕನಸು. ನಾನು 'ಮುಟ್ಟಲ್ಲ ಬಿಡು' ಅಂತೀನಿ. ಆಗ ಉಸಿರು ಬಿಟ್ಟು ಗಾಢ ನಿದ್ದೆ ಹೋಗ್ತಾಳೆ. ನಾನು ಅನ್ನೋವರೆಗೂ ಹೋಗಲ್ಲ. ಅದಕ್ಕೇ ನಾನು ದಾರೀಲಿ ಎಲ್ಲೂ ನಿಲ್ಲದೆ ಮನೆಗೆ ಬರೋದು."

ಪೊಲೀಸಮ್ಮ ಏನೂ ಬರೆದುಕೊಳ್ಳಲಿಲ್ಲ. ಎದ್ದು ಬ್ರೆಡ್ಡಮ್ಮನ ಕೋಣೆಗೆ ಹೋದಳು. ಗಂಡ ಊಟದಲ್ಲಿ ಮೊದಲು ಏನು ತಿನ್ನುತ್ತಾರೆ ಎಂದು ಕೇಳಿದರೆ, "ನೋಡಿಲ್ಲ ಮೇಡಂ, ತಟ್ಟೆ ತೊಳೆದಿಟ್ಟಿರ್ತಾರೆ" ಎಂಬ ಉತ್ತರ ಬಂತು. ಗಂಡನ ವಿಚಾರ ಇನ್ನೇನು ಗೊತ್ತು ಎಂದು ಕೇಳಿದಾಗ ಬ್ರೆಡ್ಡಮ್ಮ ದನಿ ತಗ್ಗಿಸಿ ಹೇಳಿದಳು.

"ನಾನು ನಾಲ್ಕು ಗಂಟೆಗೆ ಎದ್ದ ಕೂಡಲೇ ಅವರ ಕೈ ನನ್ನ ಜಾಗ ಹುಡುಕುತ್ತೆ. ಎಚ್ಚರ ಇರಲ್ಲ, ಸುಮ್ನೆ ಹುಡುಕುತ್ತೆ. ಹಾಗೇ ಬಿಟ್ಟು ಹೋದ್ರೆ ದಿನವಿಡೀ ನಂಗೆ ಸಮಾಧಾನ ಇರಲ್ಲ. ಅದಕ್ಕೆ ಒಂದು ದಿಂಬು ಕೊಟ್ಟು ಹೋಗ್ತೀನಿ. ಆ ದಿಂಬು ಕಂಡ್ರೆ ನಂಗೆ ಹೊಟ್ಟೆಕಿಚ್ಚು ಮೇಡಂ."

ಪೊಲೀಸಮ್ಮ ಹೊರಗೆ ಬಂದು ಮ್ಯಾನೇಜರಿಗೆ, "ಇವರು ಗಂಡ ಹೆಂಡತಿ ಅಲ್ಲ ಅಂದ್ರೆ ನಾನೂ ನನ್ನ ಯಜಮಾನರೂ ಅಲ್ಲ. ಬಿಟ್ಬಿಡಿ" ಎಂದಳು.

"ಬರಹದಲ್ಲಿ ಕೊಡಿ" ಎಂದ ಮ್ಯಾನೇಜರು.

"ಇದನ್ನ ಹೇಗ್ರೀ ಬರೆಯೋದು?" ಎಂದು ಆಕೆ ಟೋಪಿ ಸರಿಮಾಡಿಕೊಂಡು ಹೊರಟುಹೋದಳು. ಬರಹವಿಲ್ಲದ್ದನ್ನು ಮ್ಯಾನೇಜರು ನಂಬುವವನಲ್ಲ. ಮೇಲಿನವನು ಮೇಲೆ, ಕೆಳಗಿನವಳು ಕೆಳಗೆ.

ಅತ್ತ ಎದುರುಮನೆ ಅಜ್ಜಿ ಸುಮ್ಮನೆ ಕೂತಿರಲಿಲ್ಲ. ಬ್ರೆಡ್ಡಮ್ಮನ ತಾಯಿಗೆ ಫೋನು ಮಾಡಿ, "ನಿಮ್ಮ ಮಗಳು ಯಾರೋ ಗಂಡಸಿನ ಜೊತೆ ಸಮುದ್ರದ ಊರಲ್ಲಿ ಸಿಕ್ಕಿಬಿದ್ದಿದ್ದಾಳಂತೆ" ಎಂದು ಅರುಹಿದ್ದಳು. ಐದನೇ ದಿನ ಬೆಳಿಗ್ಗೆ ತಾಯಿಯೂ ಅಣ್ಣನೂ ಬಸ್ಸಿಳಿದರು. ನಿಜವಾದ ಗಂಡ ಯಾರೆಂದು ತೋರಿಸಲು ತಾಯಿಯ ಕೈಯಲ್ಲಿ ಚೌಕಟ್ಟು ಹಾಕಿದ ಮದುವೆಯ ಫೋಟೋ. ಅಣ್ಣನ ಕೈಯಲ್ಲಿ ದಪ್ಪ ಹಿಡಿಯ ಕೊಡೆ, ಮಳೆಗಾಗಿ ತಂದದ್ದಲ್ಲ.

"ಎಲ್ಲಿ ಆ ಗಂಡಸು?" ಎಂದು ಅಣ್ಣ ಅಬ್ಬರಿಸಿದ. ಟೈಮಪ್ಪ ಮೆಟ್ಟಿಲಿಳಿದು ಬಂದು, "ಚೆನ್ನಾಗಿದ್ದೀರಾ ಭಾವ?" ಎಂದ. ಎತ್ತಿದ ಕೊಡೆಯನ್ನು ಏನು ಮಾಡಬೇಕೆಂದು ತಿಳಿಯದೆ ಅಣ್ಣ ಅದನ್ನು ಬಿಚ್ಚಿಕೊಂಡು ನಿಂತ.

"ಅಯ್ಯೋ, ನೀವೇನಾ!" ಎಂದಳು ಅತ್ತೆ. ಅವಳ ದನಿಯಲ್ಲಿ ಸಮಾಧಾನದ ಜೊತೆಗೆ ಇಷ್ಟು ದೂರ ಬಂದದ್ದು ದಂಡವಾಯಿತಲ್ಲ ಎಂಬ ಬೇಸರವೂ ಇತ್ತು. ಫೋಟೋವನ್ನು ಮ್ಯಾನೇಜರ ಮುಂದೆ ಇಟ್ಟರು. ಛಾಯಾಗ್ರಾಹಕನ ಬೆಳಕು ಕುಕ್ಕಿದ ಗಳಿಗೆಯಲ್ಲಿ ಮದುಮಗ, ಮದುಮಗಳು ಇಬ್ಬರೂ ಕಣ್ಣು ಮುಚ್ಚಿಬಿಟ್ಟಿದ್ದರು.

"ಇದ್ರಲ್ಲಿ ಇಬ್ರೂ ನಿದ್ದೆ ಮಾಡ್ತಿದ್ದಾರೆ" ಎಂದ ಮ್ಯಾನೇಜರು. "ಹೀಗೆ ಯಾರನ್ನು ಬೇಕಾದ್ರೂ ಪಕ್ಕದಲ್ಲಿ ಕೂರಿಸಬಹುದು. ಆದ್ರೂ ತಾಯಿ ಹೇಳ್ತಿದ್ದಾರೆ ಅಂತ ಒಂದೇ ಕೋಣೇಲಿರೋಕೆ ಬಿಡ್ತೀನಿ. ನಂಬೋದು ಬಿಡೋದು ನನಗೆ ಬಿಟ್ಟದ್ದು."

ಈಗಲಾದರೂ ಗ್ರಹಚಾರ ಬಿಟ್ಟಿತು ಎಂದುಕೊಂಡ ಟೈಮಪ್ಪ. ಅತ್ತೆ ಸಮುದ್ರವನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ಹೇಗೂ ಬಂದಿದ್ದೀವಿ, ನೀವು ಹೊರಡೋವರೆಗೂ ಇರ್ತೀವಿ" ಎಂದಳು. ಹೊಸ ಜಾಗದಲ್ಲಿ ಒಬ್ಬಳೇ ಮಲಗಲು ಅವಳಿಗೆ ಹೆದರಿಕೆ. ಮಗಳು ಜೊತೆಗೆ ಬೇಕು. ಅಣ್ಣ ಟೈಮಪ್ಪನ ಕೋಣೆ ಸೇರಿ ಗೊರಕೆಗೆ ಶುರುವಿಟ್ಟ. ಹಗಲಲ್ಲಿ ದಡದ ಮೇಲೆ ನಡೆದರೆ ಗಂಡ ಹೆಂಡತಿಯ ನಡುವೆ ಅತ್ತೆಯ ಮಂಡಿನೋವು ಕುಂಟುತ್ತಾ ಬರುತ್ತಿತ್ತು. ಮ್ಯಾನೇಜರು ಎರಡು ಕೋಣೆಯಿಂದ ಮಾಡಿದ್ದನ್ನು ಅತ್ತೆ ಎರಡು ಮಾತಿನಿಂದ ಮಾಡಿದ್ದಳು. ಆರನೇ ದಿನವೂ ಹೀಗೆ ಕೈಜಾರಿತು. ಹತ್ತು ಸಾವಿರ ನಿಮಿಷದ ಸಾಹುಕಾರ ಟೈಮಪ್ಪನಿಗೆ ಹೆಂಡತಿಯೊಡನೆ ಬಿಡುವಾಗಿ ಸಿಕ್ಕಿದ್ದು ಮೊದಲ ದಿನದ ಒಂದು ಗಂಟೆ.

ಏಳನೇ ದಿನ ಬಸ್ಸು ಐದೂವರೆಗೆ. ಮಧ್ಯಾಹ್ನ ಊಟ ಮಾಡಿ ಅತ್ತೆ ಮಲಗಿದಳು. ಅಣ್ಣ ಪ್ಯಾಂಟು ಮಡಚಿ ನೀರಿಗಿಳಿದ. ಟೈಮಪ್ಪ ಮೆಲ್ಲಗೆ ಕೆಳಗಿಳಿದರೆ ಬ್ರೆಡ್ಡಮ್ಮ ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಕಳ್ಳರಂತೆ ಬೀದಿ ದಾಟಿ ಲಾಡ್ಜಿನ ಎದುರಿನ ಕಲ್ಲುಕಟ್ಟೆಯ ಮೇಲೆ ಕೂತರು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಹನ್ನೊಂದು ವರ್ಷದಿಂದ ಕೂಡಿಟ್ಟ ಮಾತುಗಳು ಒಟ್ಟಿಗೇ ನುಗ್ಗಿ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು; ಮೊದಲು ಹೊರಬಿದ್ದದ್ದು ಅವಳದು.

"ಒಂದು ಮಾತು ಹೇಳ್ತೀನಿ. ಗಾಬರಿ ಆಗ್ಬೇಡಿ" ಎಂದಳು ಅವಳು. "ನಾನು ಪಾಳಿ ಬದಲಾಯಿಸ್ಕೊಂಡೆ. ಸೋಮವಾರದಿಂದ ಮಧ್ಯಾಹ್ನದ ಪಾಳಿ. ಇನ್ಮೇಲೆ ನಿಮ್ಮ ಜೊತೇಲೇ ಹೋಗಿ, ನಿಮ್ಮ ಜೊತೇಲೇ ಬರ್ತೀನಿ."

ಟೈಮಪ್ಪನ ಮುಖ ಬಿಳಿಚಿಕೊಂಡಿತು. "ನಾನೂ ಬದಲಾಯಿಸ್ಕೊಂಡೆ. ಸೋಮವಾರದಿಂದ ಬೆಳಗಿನ ಪಾಳಿ."

ಒಂದು ಅಲೆ ಬಂದು ಹೋಯಿತು. ಇನ್ನೊಂದೂ ಬಂದು ಹೋಯಿತು.

"ನಂಗೆ ಹೇಳ್ಬಾರ್ದಾಗಿತ್ತಾ?"

"ನೀನು ಹೇಳ್ಬಾರ್ದಾಗಿತ್ತಾ?"

"ನಾನು ಹೇಳ್ಬೇಕು ಅಂತಾನೇ ಇಲ್ಲಿಗೆ ಬಂದದ್ದು! ನೀವು ಮೇಲೆ ಕೂತ್ರೆ ಯಾರಿಗೆ ಹೇಳ್ಲಿ? ಹೋಗ್ಲಿ, ಏನು ಕಾರಣ ಬರೆದ್ರಿ ಅರ್ಜೀಲಿ?"

ಟೈಮಪ್ಪ ಕೆಮ್ಮಿದ. "ಸಂಜೆ ಗಾಳಿ ಮೈಗೆ ಆಗಲ್ಲ ಅಂತ."

"ಸುಳ್ಳು!" ಬ್ರೆಡ್ಡಮ್ಮ ಎದ್ದು ನಿಂತಳು. "ನಾನು ಏನು ಹೇಳ್ದೆ ಗೊತ್ತಾ? ಗಂಡನ ಮುಖ ಎಚ್ಚರ ಇದ್ದಾಗ ನೋಡ್ಬೇಕು ಅಂತ ಹೇಳ್ದೆ. ಸೂಪರ್‌ವೈಸರ್ ನಕ್ಕ. ಪ್ಯಾಕಿಂಗ್‌ನವರೆಲ್ಲ ನಕ್ಕರು. ನಾನು ನಾಚ್ಕೊಳ್ಳಲಿಲ್ಲ. ನೀವು ಗಾಳಿ ಮೇಲೆ ಹಾಕಿದ್ರಿ! ಹೆಂಡತಿ ಬೇಕು ಅಂತ ಬಾಯಿಬಿಟ್ಟು ಹೇಳೋಕೆ ನಿಮಗೆ ಅವಮಾನ!"

"ಅವಮಾನ ಅಲ್ವೇ, ಆ ರಿಜಿಸ್ಟರಲ್ಲಿ ಕಾಯಿಲೆ, ಸಾವು, ಮದುವೆ, ಇಷ್ಟೇ ಇರೋದು..."

"ರಿಜಿಸ್ಟರ್ ಜೊತೇನೇ ಸಂಸಾರ ಮಾಡಿ! ಒದ್ದೆ ಟವೆಲ್ಲು ಮಂಚದ ಮೇಲೆ ಹಾಕ್ತೀರಲ್ಲ, ಅದನ್ನೂ ರಿಜಿಸ್ಟರಲ್ಲಿ ಬರೆದಿದ್ದೀರಾ? ಆರು ವರ್ಷದಿಂದ ಹೇಳ್ಬೇಕು ಅಂತಿದ್ದೆ, ಟೈಮೇ ಸಿಕ್ಕಿರ್ಲಿಲ್ಲ!"

"ನೀನು ನನ್ನ ಕನ್ನಡಕ ಅಕ್ಕಿ ಡಬ್ಬದ ಮೇಲೆ ಇಡ್ತೀಯಲ್ಲ, ಅದನ್ನ ನಾನು ಎಂಟು ವರ್ಷದಿಂದ ನುಂಗ್ಕೊಂಡಿದ್ದೀನಿ!"

ಸಮುದ್ರದ ಸದ್ದನ್ನು ಮೀರಿ ಜಗಳ ಏರಿತು. ಐಸ್‌ಕ್ರೀಮಿನವನು ಗಾಡಿ ನಿಲ್ಲಿಸಿದ. ಬಿಸಿಲು ಕಾಯುತ್ತಿದ್ದವರು ಎದ್ದು ಕೂತರು. ನೀರಿನಿಂದ ಓಡಿ ಬಂದ ಅಣ್ಣ ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ತೊಟ್ಟಿಕ್ಕುತ್ತಾ ನಿಂತ. ಲಾಡ್ಜಿನ ಮ್ಯಾನೇಜರು ಕೌಂಟರು ಬಿಟ್ಟು ಮೆಟ್ಟಿಲ ಮೇಲೆ ಬಂದು ಒದ್ದೆ ಟವೆಲ್ಲಿನಿಂದ ಅಕ್ಕಿ ಡಬ್ಬದವರೆಗೆ ಎಲ್ಲವನ್ನೂ ಕೇಳಿಸಿಕೊಂಡ. ಅವನ ಮುಖದಲ್ಲಿ ಆರು ದಿನದ ಗಂಟು ಮೆಲ್ಲನೆ ಸಡಿಲವಾಯಿತು.

"ಇನ್ನು ಯಾವ ಫೋಟೋನೂ ಬೇಡ" ಎಂದ ಅವನು, ನೆರೆದವರಿಗೆಲ್ಲ ಕೇಳುವಂತೆ. "ಗಂಡ ಹೆಂಡತೀನೇ. ಇದ್ರಲ್ಲಿ ಅನುಮಾನಾನೇ ಇಲ್ಲ."

ಟೈಮಪ್ಪ ಜಗಳದ ನಡುವೆ ಒಮ್ಮೆಲೆ ನಿಂತ. ಬ್ರೆಡ್ಡಮ್ಮನ ಕಣ್ಣಲ್ಲಿ ನೀರಿತ್ತು. ಸಿಟ್ಟಿನಿಂದಲೇ ಇರಬೇಕು, ಮುಖ ಒಲೆಯ ಮುಂದೆ ನಿಂತಂತೆ ಕೆಂಪಾಗಿತ್ತು. ಇವಳನ್ನು ಇನ್ನು ಒಂದು ದಿನವೂ ಇಪ್ಪತ್ತು ನಿಮಿಷಕ್ಕೆ ಬಿಟ್ಟುಕೊಡಲಾರೆ ಎಂದು ಅವನಿಗೆ ಅನ್ನಿಸಿತು. ಅವಳ ಮಣಿಕಟ್ಟು ಹಿಡಿದು ಬೀದಿ ದಾಟಿಸಿ ಲಾಡ್ಜಿನ ಕೌಂಟರಿಗೆ ಬಂದ. ಫೋನಿನಲ್ಲಿ ಡಿಪೋದ ನಂಬರು ತಿರುಗಿಸಿದ. ಜನರೆಲ್ಲ ಬಾಗಿಲಲ್ಲಿ ಬಂದು ನಿಂತರು, ಗದ್ದಲಕ್ಕೆ ಎಚ್ಚರವಾದ ಅತ್ತೆ ಸಮೇತ.

"ಸಾರ್, ನಾನು ಟೈಂ ಕೀಪರ್. ಬೆಳಗಿನ ಪಾಳಿ ಬೇಡ ಸಾರ್. ಮಧ್ಯಾಹ್ನದ್ದರಲ್ಲೇ ಇರ್ತೀನಿ."

"ಏನ್ರೀ, ಮೊನ್ನೆ ತಾನೇ ಸಂಜೆ ಗಾಳಿ ಆಗಲ್ಲ ಅಂದ್ರಿ?" ಡಿಪೋ ಸಾಹೇಬರ ದನಿ ಬಾಗಿಲವರೆಗೂ ಕೇಳುತ್ತಿತ್ತು.

"ಅದು ಸುಳ್ಳು ಸಾರ್."

"ಹಾಗಾದ್ರೆ ನಿಜ ಯಾವುದು? ಕಾರಣ ಬರೀಬೇಕಲ್ರೀ ನಾನು."

ಟೈಮಪ್ಪನ ಹಣೆಯಲ್ಲಿ ಬೆವರು ಕಿತ್ತು ಬಂತು. ಬಾಗಿಲಲ್ಲಿ ಇಪ್ಪತ್ತು ಜನ. ಅವನು ಕಣ್ಣು ಮುಚ್ಚಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಾ ಹೇಳಿದ.

"ಹೆಂಡತಿ ಜೊತೆ ಇರ್ಬೇಕು ಸಾರ್."

ಆ ಕಡೆಯಿಂದ ಕಾಗದ ಮಗುಚಿದ ಸಪ್ಪಳ ಬಂತು. ಅಂಥದ್ದೊಂದು ಕಾರಣವನ್ನು ಎಲ್ಲಿ ಬರೆಯಬೇಕೆಂದು ಸಾಹೇಬರು ಹುಡುಕುತ್ತಿರಬೇಕು.

"ಆಯ್ತು, ಬರ್ಕೋತೀನಿ" ಎಂದರು ಕೊನೆಗೆ. "ಎಷ್ಟು ದಿನಕ್ಕೆ?"

"ಇರೋವರೆಗೂ ಸಾರ್" ಎಂದ ಟೈಮಪ್ಪ.